ಹ್ಯಾಚ್ ಕವರ್ ಸೋರಿಕೆ: ಬಂದರಿನಲ್ಲಿ ಪರೀಕ್ಷೆ ದಾಟಿದರೂ ಸಮುದ್ರದಲ್ಲಿ ನೀರು ಇಳಿಯುವುದೇಕೆ?

ಕಾಪು ದೀಪಸ್ತಂಭ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಬಲ್ಕ್ ಕ್ಯಾರಿಯರ್ (ಮೂಟೆ ಕಟ್ಟದ ಸರಕನ್ನು ರಾಶಿಯಾಗಿ ಸಾಗಿಸುವ) ಹಡಗೊಂದರಲ್ಲಿ ಥರ್ಡ್ ಆಫೀಸರ್ ಆಗಿದ್ದೇನೆ. ಕಳೆದ ಯಾನದಲ್ಲಿ ಯೂರಿಯಾ ತುಂಬುವ ಮೊದಲು ಎಲ್ಲ ಹ್ಯಾಚ್ ಕವರ್‌ಗಳ (ಸರಕುಕೋಣೆಗಳ ಬಾಯಿ ಮುಚ್ಚುವ ದೊಡ್ಡ ಮುಚ್ಚಳಗಳ) ಮೇಲೂ ನೀರಿನ ಜೆಟ್ ಹಾಯಿಸಿ ಪರೀಕ್ಷಿಸಿದ್ದೆವು. ಹೋಲ್ಡ್‌ನೊಳಗೆ (ಸರಕುಕೋಣೆಯೊಳಗೆ) ಒಂದು ಹನಿಯೂ ಇಳಿಯಲಿಲ್ಲ. ಆದರೂ ಮುಂಗಾರಿನ ಅರಬ್ಬೀ ಸಮುದ್ರ ದಾಟಿ ನವಮಂಗಳೂರಿನಲ್ಲಿ ಕವರ್ ತೆರೆದಾಗ, ಎರಡನೇ ಹೋಲ್ಡ್‌ನಲ್ಲಿ ಎರಡು ಪ್ಯಾನೆಲ್‌ಗಳು ಕೂಡುವ ಅಡ್ಡಸಂದಿಯ ನೇರ ಕೆಳಗೆ ಸರಕು ಒದ್ದೆಯಾಗಿ ಗಟ್ಟಿಕಟ್ಟಿತ್ತು. ಬಂದರಿನಲ್ಲಿ ಸೋರದ ಕವರ್ ಸಮುದ್ರದಲ್ಲಿ ಸೋರುವುದು ಹೇಗೆ? ಅಲ್ಟ್ರಾಸಾನಿಕ್ (ಕಿವಿಗೆ ಕೇಳದ ಶಬ್ದತರಂಗ ಬಳಸುವ) ಪರೀಕ್ಷೆ ಮಾಡಿದ್ದರೆ ಇದು ಮೊದಲೇ ತಿಳಿಯುತ್ತಿತ್ತೇ?

ಮಲ್ಪೆ ಸರ್ವೇಯರ್:

ಮೊದಲು ಆ ನೀರು ಉಪ್ಪುನೀರೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಒದ್ದೆಯಾದ ಜಾಗಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿದಾಗ ಹಾಲಿನಂತೆ ಬೆಳ್ಳಗಾದರೆ ಅಲ್ಲಿ ಕ್ಲೋರೈಡ್ ಇದೆ ಎಂದರ್ಥ. ಯೂರಿಯಾದಲ್ಲಿ ಕ್ಲೋರೈಡ್ ಇರುವುದಿಲ್ಲವಾದ್ದರಿಂದ ಫಲಿತಾಂಶವನ್ನು ನಂಬಬಹುದು. ಸರಕು ಪೊಟ್ಯಾಶ್ ಆಗಿದ್ದರೆ ಅದೇ ಕ್ಲೋರೈಡ್ ಆದ್ದರಿಂದ ಈ ಪರೀಕ್ಷೆಗೆ ಬೆಲೆಯಿಲ್ಲ. ಬಣ್ಣ ಬದಲಾಗದಿದ್ದರೆ ಹೋಲ್ಡ್‌ನ ಒಳಗಿನ ತೇವಾಂಶವೇ ಕವರ್‌ನ ತಳಕ್ಕೆ ತಾಗಿ ಹನಿಯಾಗಿ ಬಿದ್ದಿರಬಹುದು, ಅಥವಾ ಮಳೆನೀರು ಇಳಿದಿರಬಹುದು.

ಉಪ್ಪುನೀರೇ ಆಗಿದ್ದರೆ ಕಾರಣ ಹೀಗಿದೆ. 12 ಮಿಲಿಮೀಟರ್ ನಳಿಕೆಯಿಂದ, ಕನಿಷ್ಠ 2 ಬಾರ್ ಒತ್ತಡದಲ್ಲಿ, 1.5 ಮೀಟರ್‌ಗಿಂತ ಹೆಚ್ಚು ದೂರ ನಿಲ್ಲದೆ ನೀರು ಹಾಯಿಸುವ ಪರೀಕ್ಷೆಯು, ಹಡಗು ಅಲುಗಾಡದೆ ನಿಂತಿರುವಾಗ ಸಂದಿಯಲ್ಲಿ ನೀರು ಹೋಗುವಷ್ಟು ದಾರಿ ಇದೆಯೇ ಎಂಬುದನ್ನು ಮಾತ್ರ ತೋರಿಸುತ್ತದೆ. ದೊಡ್ಡ ಅಲೆಗಳ ಮೇಲೆ ಹಡಗಿನ ಒಡಲು ಬಾಗುತ್ತದೆ, ತಿರುಚಿಕೊಳ್ಳುತ್ತದೆ. ಪ್ಯಾನೆಲ್‌ಗಳು ಒಂದರಿಂದೊಂದು ಸ್ವಲ್ಪ ಸರಿಯುತ್ತವೆ. ಆ ಚಲನೆಯನ್ನು ತುಂಬಿಕೊಡುವುದು ರಬ್ಬರ್ ಪ್ಯಾಕಿಂಗ್‌ನ ಅದುಮು. ರಬ್ಬರ್ ಸುಮ್ಮನೆ ತಾಗಿಕೊಂಡಿದ್ದು ಅದುಮು ಇಲ್ಲದಿದ್ದರೆ, ಜೆಟ್ ಪರೀಕ್ಷೆ ದಾಟುತ್ತದೆ, ಯಾನ ದಾಟುವುದಿಲ್ಲ.

ಅಲ್ಟ್ರಾಸಾನಿಕ್ ವಿಧಾನ ಅಳೆಯುವುದು ಈ ಅದುಮನ್ನೇ. ಟ್ರಾನ್ಸ್‌ಮಿಟರನ್ನು ಹೋಲ್ಡ್‌ನೊಳಗೆ ಇಟ್ಟು, ಮೊದಲು ಕವರ್ ತೆರೆದಿರುವಾಗಿನ ಮಟ್ಟವನ್ನು ಡೆಸಿಬೆಲ್‌ನಲ್ಲಿ ದಾಖಲಿಸಿ, ನಂತರ ಕವರ್ ಮುಚ್ಚಿ ಸಂದಿಯುದ್ದಕ್ಕೂ ಆಲಿಸುತ್ತಾರೆ. ತೆರೆದ ಮಟ್ಟದ ಶೇಕಡಾ 10ನ್ನು ಮೀರಿದ ಜಾಗ ಅನುಮಾನಾಸ್ಪದ. ಅಂದರೆ ತೆರೆದಾಗ 60 ಇದ್ದರೆ ಮುಚ್ಚಿದಾಗ 6 ದಾಟಬಾರದು. ನಿಮ್ಮ ಅಡ್ಡಸಂದಿ ಬಹುಶಃ ಇದರಲ್ಲಿ ಸಿಕ್ಕಿಬೀಳುತ್ತಿತ್ತು.

ನಿವೃತ್ತ ಎಂಜಿನಿಯರ್:

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಯಂತ್ರ ತರಿಸುವ ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ರಬ್ಬರಿನಲ್ಲಿ ಶಾಶ್ವತವಾದ ತಗ್ಗು ಬಿದ್ದಿದೆಯೇ, ಕಂಪ್ರೆಷನ್ ಬಾರ್ (ರಬ್ಬರನ್ನು ಅದುಮುವ ಉಕ್ಕಿನ ಪಟ್ಟಿ) ತುಕ್ಕು ಹಿಡಿದು ಬಾಗಿದೆಯೇ ಎಂಬುದನ್ನು ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ಸವೆದ ಕಡೆ ಗೇಣುದ್ದದ ತುಂಡು ರಬ್ಬರ್ ಸೇರಿಸುವ ಅಭ್ಯಾಸ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಹೊಸ ತುಂಡು ಎತ್ತರಕ್ಕೆ ನಿಂತು ಅದರ ಎರಡೂ ಬದಿಯಲ್ಲಿ ಹೊಸ ಸೋರಿಕೆ ಹುಟ್ಟುತ್ತದೆ. ಆ ಬದಿಯ ಪೂರ್ಣ ಉದ್ದವನ್ನು ಬದಲಿಸುವುದೇ ಸರಿ. ಕ್ಲೀಟ್‌ಗಳನ್ನು (ಕವರ್ ಬಿಗಿಯುವ ಕೊಂಡಿಗಳನ್ನು) ಇನ್ನಷ್ಟು ಬಿಗಿದರೆ ಸೋರಿಕೆ ನಿಲ್ಲುತ್ತದೆ ಎಂಬ ನಂಬಿಕೆಯೂ ತಪ್ಪು. ಕ್ಲೀಟ್ ಕವರನ್ನು ಜಾಗದಲ್ಲಿ ಹಿಡಿದಿಡಲು ಇದೆಯೇ ಹೊರತು, ಕವರ್‌ನ ಭಾರ ಹೊರುವ, ಸವೆದ ಉಕ್ಕಿನ ಪ್ಯಾಡ್‌ಗಳ ಕೊರತೆಯನ್ನು ತುಂಬಲು ಅಲ್ಲ.

ಅಡ್ಡಸಂದಿಯ ಕೆಳಗಿನ ಕಾಲುವೆ ಮತ್ತು ಕೋಮಿಂಗ್‌ನ (ಹ್ಯಾಚ್ ಬಾಯಿಯ ಸುತ್ತ ಎತ್ತರಿಸಿದ ಅಂಚಿನ) ಡ್ರೈನ್ ವಾಲ್ವ್‌ಗಳನ್ನೂ ಮರೆಯಬೇಡಿ. ರಬ್ಬರನ್ನು ದಾಟಿ ಬಂದ ಅಲ್ಪ ನೀರು ಹೊರಹೋಗುವುದು ಅಲ್ಲಿಂದಲೇ. ಹಳೆಯ ಸರಕಿನ ಪುಡಿಯಿಂದ ಅವು ಕಟ್ಟಿಕೊಂಡಿದ್ದರೆ, ಅಥವಾ ಬೆಂಕಿಯ ಸಮಯಕ್ಕೆಂದು ಕೊಟ್ಟ ಮುಚ್ಚಳವನ್ನು ಯಾರೋ ಸದಾ ಹಾಕಿಟ್ಟಿದ್ದರೆ, ನೀರು ಉಕ್ಕಿ ಸರಕಿನ ಮೇಲೆಯೇ ಬೀಳುತ್ತದೆ.

ತದಡಿ ತೀರ:

ಇದು ಸರಕಿನ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆ. 1980ರ ಸೆಪ್ಟೆಂಬರ್‌ನಲ್ಲಿ ಕಬ್ಬಿಣದ ಅದಿರು ಹೊತ್ತಿದ್ದ ಬ್ರಿಟಿಷ್ ಹಡಗು ಡರ್ಬಿಶೈರ್ ಜಪಾನಿನ ದಕ್ಷಿಣಕ್ಕೆ ಆರ್ಕಿಡ್ ಚಂಡಮಾರುತದಲ್ಲಿ ಮುಳುಗಿ 44 ಜನ ಸತ್ತರು. 2000ದಲ್ಲಿ ಮುಗಿದ ಮರುತನಿಖೆಯ ಪ್ರಕಾರ, ಮುಂಭಾಗದ ವೆಂಟಿಲೇಟರ್ ಮತ್ತು ಗಾಳಿಕೊಳವೆಗಳು ಹಾನಿಗೊಂಡು ನೀರು ನುಗ್ಗಿ, ಮೂತಿ ತಗ್ಗಿದ ಮೇಲೆ ಅಲೆಗಳ ಭಾರಕ್ಕೆ ಮೊದಲ ಹ್ಯಾಚ್ ಕವರ್ ಕುಸಿಯಿತು. ಆದ್ದರಿಂದ ಹ್ಯಾಚ್ ನೋಡುವವರು ಮುಂಭಾಗದ ಆ ವೆಂಟಿಲೇಟರ್, ಗಾಳಿಕೊಳವೆಗಳ ಸಣ್ಣ ಮುಚ್ಚಳಗಳನ್ನೂ ಅಷ್ಟೇ ಶ್ರದ್ಧೆಯಿಂದ ನೋಡಬೇಕು.

2004ರಿಂದ ಬಲ್ಕ್ ಕ್ಯಾರಿಯರ್‌ಗಳ ಹೋಲ್ಡ್‌ಗಳಲ್ಲಿ ನೀರಿನ ಮಟ್ಟ ತಿಳಿಸುವ ಸಂವೇದಕಗಳು ಕಡ್ಡಾಯವಾಗಿವೆ. ತಳದಿಂದ ಅರ್ಧ ಮೀಟರ್ ನೀರು ಏರಿದಾಗ ಮೊದಲ ಎಚ್ಚರಿಕೆ ಬರಬೇಕು. ಆದರೆ ಅರ್ಧ ಮೀಟರ್ ತುಂಬುವವರೆಗೆ ಕಾಯುವುದೇಕೆ? ಪ್ರತಿದಿನ ಬಿಲ್ಜ್ (ಹೋಲ್ಡ್‌ನ ತಳದಲ್ಲಿ ನೀರು ಸೇರುವ ಗುಂಡಿ) ಅಳತೆ ತೆಗೆದು ಬರೆದಿಡಿ. ಬಿಲ್ಜ್ ಬಾವಿಗೆ ನೀರು ಹಾಕಿ ಪಂಪ್ ಮಾಡಿ ನಿಲ್ಲಿಸಿದ ಮೇಲೆ, ನೀರು ಹಿಂದಿರುಗುತ್ತಿಲ್ಲವೇ ಎಂಬುದನ್ನೂ ನೋಡಿ.

ಕಾಪು ದೀಪಸ್ತಂಭ:

ಎಲ್ಲರಿಗೂ ಧನ್ಯವಾದಗಳು. ಡ್ರೈನ್ ವಾಲ್ವ್‌ಗಳನ್ನು ನಾವು ಬಿಚ್ಚಿ ನೋಡಿರಲಿಲ್ಲ. ನಾಳೆಯೇ ಚೀಫ್ ಆಫೀಸರ್ ಬಳಿ ಪ್ರಸ್ತಾಪಿಸುತ್ತೇನೆ. ಸರಕು ತುಂಬಿದ ಮೇಲೂ ಅಲ್ಟ್ರಾಸಾನಿಕ್ ಪರೀಕ್ಷೆ ಸಾಧ್ಯವೇ?

ಮಲ್ಪೆ ಸರ್ವೇಯರ್:

ಸಾಧ್ಯ. ಸರಕಿನ ಮೇಲೆ ನೀರು ಬೀಳುವ ಭಯವಿಲ್ಲದಿರುವುದೇ ಅದರ ದೊಡ್ಡ ಅನುಕೂಲ. ಹೋಲ್ಡ್‌ನೊಳಗಿನ ಗಾಳಿಯಲ್ಲಿ ಆಮ್ಲಜನಕವನ್ನು ಅಳೆದು, ಪ್ರವೇಶದ ಅನುಮತಿ ಪಡೆದ ನಂತರವೇ ಟ್ರಾನ್ಸ್‌ಮಿಟರ್ ಇಡಲು ಇಳಿಯಿರಿ.