ಪದಚರ್ಚೆ: ಎರಡು ಬಗೆಯ ‘ಬೈಲಿಂಗ್ವಲ್’ ತರಗತಿಗಳಿಗೆ ‘ದ್ವಿಭಾಷಾ’ ಒಂದೇ ಸಾಕೇ?

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಸೇರಿಸುವ ಕನ್ನಡಿಗ ತಂದೆತಾಯಿಗಳಿಗಾಗಿ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಇಂಗ್ಲಿಷ್ ಇನ್ನೂ ಹಿಡಿತಕ್ಕೆ ಬಾರದ ಮಕ್ಕಳಿಗೆ ಅಲ್ಲಿ ಹಲವು ಬಗೆಯ ತರಗತಿಗಳಿವೆ. ಅವುಗಳಿಗೆ ಕನ್ನಡದ ಹೆಸರು ಹುಡುಕುವಲ್ಲಿ ನಿಮ್ಮ ನೆರವು ಬೇಕು.

ಶಾಲೆಗೆ ಸೇರಿಸುವಾಗಲೇ ಮನೆಮಾತಿನ ಬಗ್ಗೆ ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾರೆ. ಮಗು ಮೊದಲು ಮಾತನಾಡಲು ಕಲಿತದ್ದು ಯಾವ ಭಾಷೆಯಲ್ಲಿ ಎಂಬುದಕ್ಕೆ ‘ಕನ್ನಡ’ ಎಂದು ಬರೆದರೆ ಸಾಮಾನ್ಯವಾಗಿ ‘ಎಲ್‌ಪ್ಯಾಕ್’ ಎಂಬ ಇಂಗ್ಲಿಷ್ ಪರೀಕ್ಷೆ ನಡೆಯುತ್ತದೆ. ಅದರಲ್ಲಿ ನಿಗದಿತ ಮಟ್ಟ ಮುಟ್ಟದ ಮಗು ‘ಇಂಗ್ಲಿಷ್ ಲರ್ನರ್’, ಅಂದರೆ ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಗು. ಇದು ಅವಮಾನವಲ್ಲ, ಭಾಷೆಯ ನೆರವು ಪಡೆಯುವುದು ಮಗುವಿನ ಹಕ್ಕು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ ಹೂಡಿದ್ದ ‘ಲಾವ್ ವಿರುದ್ಧ ನಿಕೋಲ್ಸ್’ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲೇ ಇದನ್ನು ಸ್ಪಷ್ಟಪಡಿಸಿತು: ಒಂದೇ ಪುಸ್ತಕ, ಒಂದೇ ಶಿಕ್ಷಕರು, ಒಂದೇ ಪಠ್ಯಕ್ರಮ ಕೊಟ್ಟ ಮಾತ್ರಕ್ಕೆ, ಪಾಠದ ಭಾಷೆಯೇ ತಿಳಿಯದ ಮಗುವಿಗೆ ಸಮಾನ ಅವಕಾಶ ಸಿಕ್ಕಂತಾಗುವುದಿಲ್ಲ.

‘ಪುಲ್ ಔಟ್’, ‘ಪುಶ್ ಇನ್’ ಸುಲಭ. ಮೊದಲನೆಯದರಲ್ಲಿ ಮಗುವನ್ನು ದಿನದ ಸ್ವಲ್ಪ ಹೊತ್ತು ಬೇರೆ ಕೋಣೆಗೆ ಕರೆದೊಯ್ದು ಇಂಗ್ಲಿಷ್ ಕಲಿಸುತ್ತಾರೆ. ಎರಡನೆಯದರಲ್ಲಿ ಆ ಶಿಕ್ಷಕಿಯೇ ತರಗತಿಯೊಳಗೆ ಬಂದು ಮಗುವಿನ ಪಕ್ಕ ಕೂರುತ್ತಾರೆ. ‘ಪ್ರತ್ಯೇಕ ಪಾಠ’, ‘ಒಳನೆರವು’ ಎಂದಿಟ್ಟಿದ್ದೇನೆ.

‘ಇಮರ್ಶನ್’, ಅಂದರೆ ಕಲಿಯಬೇಕಾದ ಭಾಷೆಯಲ್ಲೇ ಪಾಠ ಮಾಡುವ ಬಗೆ, ಅಷ್ಟು ಸುಲಭವಲ್ಲ. ಅದಕ್ಕೆ ‘ನಿಮಜ್ಜನ’ ಎಂಬ ಪದವಿದೆ. 1965ರಲ್ಲಿ ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟ್‌ನಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಫ್ರೆಂಚಿನಲ್ಲೇ ಪಾಠ ಆರಂಭಿಸಿದಾಗ ಅವರ ಇಂಗ್ಲಿಷಿಗೆ ಯಾವ ಧಕ್ಕೆಯೂ ಇರಲಿಲ್ಲ. ಮನೆಯೂ ಬೀದಿಯೂ ಅದನ್ನು ಕಾಯುತ್ತಿದ್ದವು. ಕ್ಯಾಲಿಫೋರ್ನಿಯಾದ ‘ಸ್ಟ್ರಕ್ಚರ್ಡ್ ಇಂಗ್ಲಿಷ್ ಇಮರ್ಶನ್’ನಲ್ಲಿ ಪಾಠ ಬಹುಪಾಲು ಇಂಗ್ಲಿಷಿನಲ್ಲೇ ನಡೆಯುತ್ತದೆ, ಮನೆಮಾತನ್ನು ಕಾಯುವ ಏರ್ಪಾಡು ಅದರಲ್ಲಿಲ್ಲ. ಎರಡನ್ನೂ ‘ನಿಮಜ್ಜನ’ ಎಂದರೆ ಓದುವವರು ದಾರಿ ತಪ್ಪುತ್ತಾರೆ. ಎರಡನೆಯದಕ್ಕೆ ‘ಇಂಗ್ಲಿಷ್‌ಪ್ರಧಾನ ತರಗತಿ’ ಎನ್ನುವುದು ಪ್ರಾಮಾಣಿಕ ಎಂದು ನನ್ನ ಅನಿಸಿಕೆ.

ನಿಜವಾದ ತೊಡಕು ‘ಬೈಲಿಂಗ್ವಲ್’ನದು. ‘ಟ್ರಾನ್ಸಿಶನಲ್’ ಬಗೆಯಲ್ಲಿ ಮೊದಲ ಕೆಲವು ವರ್ಷ ಗಣಿತ, ವಿಜ್ಞಾನಗಳನ್ನು ಮನೆಮಾತಿನಲ್ಲೂ ಕಲಿಸಿ, ಇಂಗ್ಲಿಷ್ ಬಂದಂತೆ ಮನೆಮಾತನ್ನು ಹಿಂದೆ ಸರಿಸುತ್ತಾರೆ. ‘ಡ್ಯುಯಲ್ ಲ್ಯಾಂಗ್ವೇಜ್’ ಬಗೆಯಲ್ಲಿ ಎರಡೂ ಭಾಷೆಗಳು ಕೊನೆಯವರೆಗೆ ಉಳಿಯುತ್ತವೆ. 1963ರಲ್ಲಿ ಮಯಾಮಿಯ ಕೋರಲ್ ವೇ ಶಾಲೆಯಲ್ಲಿ ಕ್ಯೂಬಾದಿಂದ ಬಂದ ಮಕ್ಕಳೂ ಇಂಗ್ಲಿಷ್ ಮನೆಮಾತಿನ ಮಕ್ಕಳೂ ಎರಡೂ ಭಾಷೆಗಳಲ್ಲಿ ಕಲಿಯತೊಡಗಿದ್ದು ಈ ಬಗೆಯ ಹೆಸರಾಂತ ಉದಾಹರಣೆ. ಒಂದರಲ್ಲಿ ಮನೆಮಾತು ಏಣಿ, ಹತ್ತಿದ ಮೇಲೆ ತೆಗೆದಿಡುತ್ತಾರೆ. ಇನ್ನೊಂದರಲ್ಲಿ ಅದೇ ಗುರಿಯ ಅರ್ಧಭಾಗ. ‘ದ್ವಿಭಾಷಾ ಶಿಕ್ಷಣ’ ಎಂಬ ಒಂದೇ ಹೆಸರಿನಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ. ಸಾಲದ್ದಕ್ಕೆ, ‘ದ್ವಿಭಾಷಾ’ ಎಂದು ಓದಿದೊಡನೆ ನಮ್ಮವರು ಕನ್ನಡವೂ ಇದೆ ಎಂದುಕೊಳ್ಳುತ್ತಾರೆ. ಅಲ್ಲಿ ಇಂಗ್ಲಿಷಿನ ಜೊತೆಗಿರುವುದು ಹೆಚ್ಚಿನ ಕಡೆ ಸ್ಪ್ಯಾನಿಷ್, ಕೆಲವೆಡೆ ಮ್ಯಾಂಡರಿನ್.

ಆಯ್ಕೆ ತಂದೆತಾಯಿಗಳ ಕೈಯಲ್ಲಿರುವುದರಿಂದ ಹೆಸರು ಖಚಿತವಾಗಿರಬೇಕು. ಮತದಾರರೇ ನೇರವಾಗಿ ಮತ ಹಾಕಿ ಒಪ್ಪಿದ 1998ರ 227ನೇ ಪ್ರಸ್ತಾವ ಕ್ಯಾಲಿಫೋರ್ನಿಯಾದಲ್ಲಿ ಇಂತಹ ತರಗತಿಗಳನ್ನು ಬಹುಮಟ್ಟಿಗೆ ಮುಚ್ಚಿಸಿತ್ತು. 2016ರಲ್ಲಿ ಮತದಾರರು 58ನೇ ಪ್ರಸ್ತಾವದ ಮೂಲಕ ಆ ನಿರ್ಬಂಧ ತೆಗೆದರು. ಈಗ ಒಂದು ಶಾಲೆಯ 30 ಮಕ್ಕಳ, ಅಥವಾ ಒಂದೇ ಇಯತ್ತೆಯ (ಗ್ರೇಡಿನ) 20 ಮಕ್ಕಳ ಪೋಷಕರು ಕೇಳಿದರೆ, ಅವರು ಬಯಸಿದ ಭಾಷಾ ತರಗತಿ ಸಾಧ್ಯವೇ ಎಂದು ಶಾಲೆ ಪರಿಶೀಲಿಸಲೇಬೇಕು. ಏನನ್ನು ಕೇಳುತ್ತಿದ್ದೇವೆ ಎಂಬುದು ಕೇಳುವವರಿಗೆ ತಿಳಿದಿರಬೇಡವೇ?

‘ಟ್ರಾನ್ಸಿಶನಲ್’ಗೆ ‘ಸಂಕ್ರಮಣ ದ್ವಿಭಾಷಾ ಶಿಕ್ಷಣ’ ಎನ್ನಬಹುದು, ಆದರೆ ಏನು ದಾಟಿ ಎಲ್ಲಿಗೆ ಹೋಗುತ್ತದೆ ಎಂಬುದು ಅದರಿಂದ ಹೊಳೆಯುವುದಿಲ್ಲ. ‘ಇಂಗ್ಲಿಷಿಗೆ ದಾಟಿಸುವ ತರಗತಿ’ ಉದ್ದವಾದರೂ ಅರ್ಥವಾಗುತ್ತದೆ. ‘ಡ್ಯುಯಲ್ ಲ್ಯಾಂಗ್ವೇಜ್’ಗೆ ‘ಜೋಡಿನುಡಿ ತರಗತಿ’ ನನ್ನ ಸಲಹೆ. ಶಾಲೆಯ ಹೆಸರಿನ ಮುಂದೆ ಬರೆದರೂ ಚೆನ್ನಾಗಿ ಕೂರುತ್ತದೆ. ಶಿಕ್ಷಕ ತರಬೇತಿಯ ಕನ್ನಡ ಪುಸ್ತಕಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಪದಗಳು ಈಗಾಗಲೇ ಬಳಕೆಯಲ್ಲಿದ್ದರೆ ದಯವಿಟ್ಟು ವಾಕ್ಯದ ಸಮೇತ ತಿಳಿಸಿ. ಇಲ್ಲದಿದ್ದರೆ, ‘ಜೋಡಿನುಡಿ’ ಓದಿದಾಗ ಎರಡೂ ಭಾಷೆಗಳಿಗೆ ಸಮಪಾಲು ಎಂಬ ಅರ್ಥ ನಿಮಗೆ ಹೊಳೆಯುತ್ತದೆಯೇ, ಹೇಳಿ. ಆರಂಭದಲ್ಲಿ ಇಂಗ್ಲಿಷಿಗೆ ಹತ್ತರಲ್ಲಿ ಒಂದು ಪಾಲನ್ನಷ್ಟೇ ಕೊಡುವ ತರಗತಿಗಳಿಗೂ ಅದೇ ಹೆಸರು ಹೊಂದಬೇಕಲ್ಲ, ನನ್ನ ಅನುಮಾನ ಅಲ್ಲಿದೆ.