ಮಾರುತಿ ಎಸ್ಟೀಮ್ ಕಾರಿನ ಎಂಜಿನ್ ಬರೀ ಗ್ಯಾಸ್‌ಗೇ ಕಟ್ಟೋದಾದ್ರೆ ಕಂಪ್ರೆಷನ್ ಎಷ್ಟಿಡಲಿ?

ಬಿಸಿಲೂರ ಡ್ರೈವರ್ (ಕಲಬುರಗಿ):
ನಮಸ್ಕಾರ ಎಲ್ರಿಗೂ. ಹಳೆ ಎಸ್ಟೀಮ್‌ನ 1.3 ಲೀಟರ್ ಎಂಜಿನ್ ಬಿಚ್ಚಿ ಹಾಕಿದ್ದೇನೆ. ಪೆಟ್ರೋಲ್ ಬಿಟ್ಟು ಬರೀ ಎಲ್‌ಪಿಜಿಗೇ ಜೋರಾಗಿ ಕಟ್ಟಬೇಕು ಅಂತ ಆಸೆ. ಎಲ್‌ಪಿಜಿಯಲ್ಲಿರೋ ಪ್ರೊಪೇನ್‌ನ ಆಕ್ಟೇನ್ (ಒತ್ತಿದಾಗ ತಾನಾಗೇ ಹೊತ್ತಿಕೊಳ್ಳದೆ ತಡೆಯೋ ಗುಣ) 110ರ ಆಸುಪಾಸು ಅಂತಾರೆ, ಹಾಗಾದ್ರೆ ಹೆಡ್ ಫೇಸಿಂಗ್ ಮಾಡಿಸಿ (ಎಂಜಿನ್ ಮೇಲಿನ ಹೆಡ್‌ನ ತಳ ಹೆರೆಸಿ) ಕಂಪ್ರೆಷನ್, ಅಂದ್ರೆ ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು, 12ಕ್ಕೆ ಏರಿಸಬಹುದಾ? ಮೆಕ್ಯಾನಿಕ್ ಕೇಳಿದ್ರೆ ಪೆಟ್ರೋಲ್ ಎಂಜಿನ್‌ಗೇ ಗ್ಯಾಸ್ ಕಿಟ್ ಹಾಕಿಸಿ ಸಾಕು ಅಂತಾನೆ. ಕಿಟ್ ಗಾಡಿ ಹುಮನಾಬಾದ್ ರಸ್ತೆಯಲ್ಲಿ ಲಾರಿಯನ್ನು ಹಿಂದೆ ಹಾಕುವಷ್ಟರಲ್ಲಿ ಸುಸ್ತಾಗುತ್ತದಲ್ಲ!

ಸೇಡಂ ರಸ್ತೆಯವ:
ಆ ಸುಸ್ತಿಗೆ ಕಾರಣ ಇದೆ ಅಣ್ಣಾ. ಆವಿಯಾದ ಗ್ಯಾಸ್ ಸಿಲಿಂಡರ್ ಒಳಗೆ ನೂರಕ್ಕೆ 4ರಷ್ಟು ಜಾಗ ತಾನೇ ಹಿಡಿಯುತ್ತದೆ, ಅಷ್ಟು ಗಾಳಿ ಕಡಿಮೆ. ಪೆಟ್ರೋಲ್ ಹನಿಯಾಗಿ ಹೋಗಿ ಒಳಗಿನ ಗಾಳಿಯನ್ನು ತಣ್ಣಗೆ ಮಾಡಿ ಹೆಚ್ಚು ಗಾಳಿ ಹಿಡಿಸುತ್ತದೆ, ಇಲ್ಲಿ ಆ ಲಾಭವೂ ಇಲ್ಲ, ಯಾಕಂದ್ರೆ ಆವಿಯಾಗೋ ಕೆಲಸ ವೇಪರೈಸರ್ ಅನ್ನೋ ಭಾಗದಲ್ಲೇ ಕೂಲೆಂಟ್ (ಎಂಜಿನ್ ತಣಿಸೋ ನೀರು) ಬಿಸಿಗೆ ಮುಗಿದಿರುತ್ತದೆ. ಕಂಪ್ರೆಷನ್ ಏರಿಸಿದ್ರೆ ಕಳೆದದ್ದು ಬಹಳಷ್ಟು ವಾಪಸ್ ಬರುತ್ತದೆ. ಆದ್ರೆ 12 ಬೇಡ. ನಮ್ಮ ಬಂಕಲ್ಲಿ ಸಿಗೋದು ಶುದ್ಧ ಪ್ರೊಪೇನ್ ಅಲ್ಲ, ಬ್ಯುಟೇನ್ ಅನ್ನೋ ಇನ್ನೊಂದು ಗ್ಯಾಸ್ ಬೆರೆತದ್ದು. ಬ್ಯುಟೇನ್ ಆಕ್ಟೇನ್ 94ರ ಹತ್ತಿರ, ಈಗಿನ ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ) ಪೆಟ್ರೋಲೇ 95 ಇದೆ ನೋಡಿ. ಮೇ ತಿಂಗಳ ನಮ್ಮೂರ ಬಿಸಿಲಲ್ಲಿ ನಾಕಿಂಗ್ (ಇಂಧನ ತಾನಾಗೇ ಹೊತ್ತಿ ಬಡಿಯೋದು) ಶುರುವಾದ್ರೆ ಪಿಸ್ಟನ್ ಉಳಿಯೋದಿಲ್ಲ. ನಾನಾದ್ರೆ 10.5ಕ್ಕೆ ನಿಲ್ಲಿಸ್ತೀನಿ.

ಬೀದರ್ ಬುಲೆಟ್:
ಸರಿ ಮಾತು. ಇನ್ನೊಂದು, ಫೇಸಿಂಗ್ ಜಾಸ್ತಿ ಹೊಡೆಸಿದ್ರೆ ವಾಲ್ವ್ ತೆರೆಯೋ ಕ್ಯಾಮ್ ಕೆಳಗೆ ಬಂದು ಅವು ತೆರೆಯೋ ಟೈಮಿಂಗ್ ತಪ್ಪುತ್ತದೆ, ವಾಲ್ವ್ ಪಿಸ್ಟನ್‌ಗೆ ತಾಗುವ ಭಯವೂ ಇದೆ. ಮೇಲುಬ್ಬಿದ ಪಿಸ್ಟನ್ ಸಿಕ್ಕಿದ್ರೆ ಅದೇ ವಾಸಿ. ಹೆಡ್ ಬಿಚ್ಚಿದಾಗಲೇ ಗಟ್ಟಿ ವಾಲ್ವ್ ಸೀಟ್ (ವಾಲ್ವ್ ಕೂರೋ ಬಳೆ) ಕೂರಿಸಿಬಿಡಿ. ಗ್ಯಾಸ್ ಒಣಗಿದ ಇಂಧನ, ಮೆತ್ತನೆ ಸೀಟ್ ಸವೆದು ವಾಲ್ವ್ ಒಳಗೆ ಇಳಿಯುತ್ತದೆ, ಟ್ಯಾಪೆಟ್ ಗ್ಯಾಪ್ (ವಾಲ್ವ್ ತುದಿಯಲ್ಲಿ ಬಿಡೋ ಸಣ್ಣ ಸಂದು) ಮುಚ್ಚಿಹೋಗುತ್ತದೆ. ಕಿಡಿ ಹಾರಿಸೋ ಸ್ಪಾರ್ಕ್ ಪ್ಲಗ್‌ನ ಗ್ಯಾಪ್ ಸ್ವಲ್ಪ ಕಿರಿದು ಮಾಡಿ.

ಬಿಸಿಲೂರ ಡ್ರೈವರ್:
ಥ್ಯಾಂಕ್ಸ್ ಅಣ್ಣಂದಿರಾ. ಟ್ಯೂನಿಂಗ್ ಮುಗಿಯೋವರೆಗೆ ಮನೆ ಸಿಲಿಂಡರ್ ಹಾಕಿ ಓಡಿಸಲಾ?

ಸೇಡಂ ರಸ್ತೆಯವ:
ಬೇಡವೇ ಬೇಡ ಮಾರಾಯ. ಅದು ಕಾನೂನಿಗೆ ವಿರುದ್ಧ, ಸಾಲದ್ದಕ್ಕೆ ಅಪಾಯ. ಗಾಡಿಯ ಟ್ಯಾಂಕ್‌ಗೆ 80 ಪರ್ಸೆಂಟ್‌ಗೆ ನಿಲ್ಲಿಸೋ ವಾಲ್ವ್ ಇರುತ್ತದೆ, ಬಿಸಿಲಿಗೆ ಗ್ಯಾಸ್ ಹಿಗ್ಗಲು ಜಾಗ ಬೇಕಲ್ಲ. ಒಪ್ಪಿಗೆ ಪಡೆದ ಟ್ಯಾಂಕ್ ಹಾಕಿಸಿ, ಆರ್‌ಟಿಒದಲ್ಲಿ ಆರ್‌ಸಿ ಮೇಲೆ ಬರೆಸಿ, ಆಮೇಲೆ ಟ್ಯೂನಿಂಗ್.