ಬೆಳ್ಳಂಬೆಳಗ್ಗೆ ತೋಟದ ಹಿಂದೆ ನಗುವವರು ಯಾರು?

ತೀರ್ಥಹಳ್ಳಿ ಕಡೆಯಿಂದ ಪ್ರಶ್ನೆ: ನಮ್ಮ ಅಡಿಕೆ ತೋಟದ ಹಿಂದೆ ಕಾಡಿದೆ. ಬೆಳಿಗ್ಗೆ ಯಾರೋ ಒರಟು ದನಿಯಲ್ಲಿ ಗಹಗಹಿಸಿ ನಗುವ ಸದ್ದು. ಮಕ್ಕಳು ಹೆದರುತ್ತಾರೆ. ಒಮ್ಮೆ ಕಂಡಿದ್ದು ಬೂದು ಮೈ, ಉದ್ದ ಬಾಲ, ಬಾಗಿದ ದೊಡ್ಡ ಕೊಕ್ಕು. ಯಾವ ಹಕ್ಕಿ ಇದು?

ಹೊಸನಗರದಿಂದ: ಮಲಬಾರ್ ಬೂದು ಮಂಗಟ್ಟೆ, ಅನುಮಾನ ಬೇಡ. ಮದುವೆಯಾಗಿ ಬಂದ ವರ್ಷ ನಾನೂ ಹೆದರಿದ್ದೆ. ಅತ್ತೆ ಮಾತ್ರ ಒಲೆ ಮುಂದೆ ಕೂತು ನಗುತ್ತಿದ್ದರು. ಕೊಕ್ಕಿನ ಮೇಲೆ ಇನ್ನೊಂದು ಕೊಂಬು ಇದೆಯಾ ನೋಡಿ. ಇಲ್ಲದಿದ್ದರೆ ಇದೇ. ಕಣ್ಣಿನ ಮೇಲೆ ಬಿಳಿ ಹುಬ್ಬು, ಬಾಲದ ತುದಿ ಬಿಳಿ. ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಸಿಗದ ಹಕ್ಕಿ.

ಹುಡುಕಿಕೊಂಡು ಅಲೆಯಬೇಡಿ. ಹಣ್ಣು ಬಿಟ್ಟ ಬಸರಿ ಮರವೋ ಗೋಳಿ ಮರವೋ ಇದ್ದರೆ ಅದರ ಕೆಳಗೆ ಸುಮ್ನೆ ಕೂರಿ, ಅದೇ ಬರುತ್ತದೆ. ಹಣ್ಣಿನ ಜೊತೆಗೆ ಓತಿಕ್ಯಾತ, ಹುಳವನ್ನೂ ತಿನ್ನುತ್ತದೆ.

ಗೂಡಿನ ಕತೆ ಹೇಳಲೇಬೇಕು. ಬೇಸಿಗೆಯಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಹೋಗಿ, ತನ್ನ ಹಿಕ್ಕೆಯಿಂದಲೇ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಸುಮಾರು ಮೂರು ತಿಂಗಳು ಗಂಡೇ ಹಣ್ಣು ತಂದು, ಗಂಟಲಿನಿಂದ ಒಂದೊಂದಾಗಿ ಕಕ್ಕಿ ಕೊಡುತ್ತದೆ. ನಮ್ಮಲ್ಲಿ ಒಂದು ಟೊಳ್ಳು ಮರ ಕಡಿಸಲು ಆಳು ಹೇಳಿಯಾಗಿತ್ತು. ಬುಡದಲ್ಲಿ ಬೀಜ, ಹಿಕ್ಕೆಯ ರಾಶಿ ನೋಡಿ ಮಾವ ತಡೆದರು. ಗಂಡು ಸತ್ತರೆ ಒಳಗಿನವರ ಗತಿ ಏನು ಹೇಳಿ! ಹಾಗಾಗಿ ಗೂಡಿನ ಹತ್ತಿರ ಗುಂಪು ಕಟ್ಟಿಕೊಂಡು ಫೋಟೋಗೆ ಹೋಗಬೇಡಿ. ಜನ ಇದ್ದರೆ ಅದು ಹಣ್ಣು ಬಾಯಲ್ಲಿಟ್ಟುಕೊಂಡೇ ದೂರ ಕೂತಿರುತ್ತದೆ.

ಆಗುಂಬೆಯಿಂದ: ಮೇಲಿನದು ಸರಿ. ಆದರೆ ಹಾರುವಾಗ ರೆಕ್ಕೆ ಉಗಿಬಂಡಿಯ ಹಾಗೆ ಬುಸ್ ಬುಸ್ ಅಂದರೆ ಅದು ದೊಡ್ಡ ಮಂಗಟ್ಟೆ. ಮೂರು ಅಡಿಗಿಂತ ಉದ್ದ, ಹಳದಿ ಕೊಂಬು. ಬೂದಿನದು ಅದರ ಅರ್ಧವೂ ಇಲ್ಲ, ಒಂದೂವರೆ ಅಡಿ.

ಸಾಗರದಿಂದ: ದಿನವಿಡೀ ಕುಟ್ರೂ ಕುಟ್ರೂ ಅಂದರೆ ಅದು ಕುಟ್ರು ಹಕ್ಕಿ, ನಗುವುದಿಲ್ಲ. ಇನ್ನು ಭೀಮರಾಜ ಹಕ್ಕಿಯ ದನಿ ನಂಬಲೇಬೇಡಿ. ಊರಿನ ಹಕ್ಕಿಗಳನ್ನೆಲ್ಲ ಅಣಕಿಸುತ್ತದೆ, ನಾನು ಎರಡು ಸಲ ಮೋಸ ಹೋಗಿದ್ದೇನೆ.

ಕೇಳಿದವರು: ಕೊಂಬಿಲ್ಲ, ಬಿಳಿ ಹುಬ್ಬಿದೆ. ಇವತ್ತು ಬಸರಿ ಮರದಲ್ಲಿ ಮೂರು ಕೂತಿದ್ದವು. ಈಗ ಮಕ್ಕಳೇ ಅದರ ಹಾಗೆ ನಗಲು ಶುರು ಮಾಡಿದ್ದಾರೆ, ಅದೇ ಜಾಸ್ತಿ ಗಲಾಟೆ.